ಆರನೇ ನಂಬರಿನ ಖೋಲಿ

ಮಗಳನ್ನು ಎರಡು ದಿನ ಯಾರ ಮನೆಗೆ ಕರೆದುಕೊಂಡು ಹೋಗುವುದೆಂದು ಶಿವಬಸವ್ವ ಬೆರಳು ಮಡಿಚಿ ಎಣಿಸಿದಳು. ಮಡಿಚಿದ ಬೆರಳನ್ನೆಲ್ಲ ಒಂದೊಂದಾಗಿ ಮತ್ತೆ ಬಿಚ್ಚಿದಳು. ಹಿರೇಕೆರೂರಿನಲ್ಲಿ ನಾದಿನಿಯ ಮನೆ ಇತ್ತು. ದೊಡ್ಡ ಮನೆ, ಹಾಲು ಹೈನ ಬೇಕಾದಷ್ಟು. ಆದರೆ ಆ ನಾದಿನಿ ಹೊಸ್ತಿಲಲ್ಲೇ ಕೊರಳಿಗೆ ಬಿದ್ದು ಓಣಿಯೆಲ್ಲ ನೆರೆಯುವ ಹಾಗೆ ಅಳುವವಳು. ಹಾನಗಲ್ಲಿನಲ್ಲಿ ಅಕ್ಕ ಇದ್ದಳು. ಅವಳ ಸೊಸೆ ಈಗ ಬಾಣಂತಿ, ಹೋದರೆ ತೊಟ್ಟಿಲ ಮುಂದೆಯೇ ಕೂಡಬೇಕು. ಉಳಿದ ಮನೆಗಳಲ್ಲಿ ಅಳುವವರಿಲ್ಲದಿದ್ದರೂ ಕೇಳುವವರಿದ್ದರು. ಕೂಸಿಗೆ ಏನಾಗಿತ್ತು, ಯಾವ ಔಷಧ ಕೊಟ್ಟಿರಿ, ಯಾರ ಕಣ್ಣು ಬಿತ್ತು, ಇನ್ನೊಂದು ಯಾವಾಗ.

ಮಾದೇವಿಗೆ ಹತ್ತೊಂಬತ್ತು ವರ್ಷ. ಚೊಚ್ಚಲ ಹೆರಿಗೆಗೆ ಅಕ್ಕಿಆಲೂರಿನ ತವರಿಗೆ ಬಂದು ಗಂಡು ಹಡೆದಳು. ಕೂಸು ಒಂಬತ್ತು ದಿನ ಇತ್ತು. ಅದಾಗಿ ಎರಡು ತಿಂಗಳು ಕಳೆದಿತ್ತು. ಹುಡುಗಿ ಅತ್ತಿದ್ದರೆ ಶಿವಬಸವ್ವನಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಅವಳು ಅಡಿಗೆಮನೆಯ ಕಂಬಕ್ಕೆ ಒರಗಿ ಕೂಡುತ್ತಿದ್ದಳು. ಏಳೆಂದರೆ ಏಳುತ್ತಿದ್ದಳು, ಉಣ್ಣೆಂದರೆ ಉಣ್ಣುತ್ತಿದ್ದಳು. ಹಾಲು ಬತ್ತಲೆಂದು ಎದೆಗೆ ಮಲ್ಲಿಗೆ ಮೊಗ್ಗು ಕಟ್ಟಿದ್ದರು. ಮೊಗ್ಗು ಕೊಳೆತು, ಹಾಲು ಸೋರಿ, ಕುಪ್ಪಸ ಹುಳಿತು ನಾರುತ್ತಿದ್ದರೂ ಅದರಲ್ಲೇ ಇರುತ್ತಿದ್ದಳು. ತಾಯಿಯೇ ಬಿಚ್ಚಿ, ಬಿಸಿನೀರಲ್ಲಿ ಒರೆಸಿ, ಬೇರೆಯದು ತೊಡಿಸಬೇಕು. ಒಂದು ದಿನ ಮಜ್ಜಿಗೆಯಲ್ಲಿ ನೊಣ ಬಿದ್ದಿತ್ತು. ಮಾದೇವಿ ಅದನ್ನು ನೋಡಿದಳು, ನೋಡಿಯೂ ಕುಡಿದಳು. ಅಂದು ಶಿವಬಸವ್ವ ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಹಾನಗಲ್ಲಿನ ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, “ಔಷಧ ಏನೂ ಬ್ಯಾಡ್ರಿ. ಹವಾ ಬದಲಿ ಮಾಡಸ್ರಿ, ಗುರುತಿಲ್ಲದ ಊರಿಗೆ ಕರಕೊಂಡು ಹೋಗ್ರಿ” ಎಂದಿದ್ದರು. ಅದೇ ವಾರ ಶಿಗ್ಗಾಂವಿಯ ಬೀಗರಿಂದ ಹೇಳಿಕೆ ಬಂತು: ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಸೊಸೆಯನ್ನು ಕರೆದೊಯ್ಯಲು ಮಂದಿ ಬರುತ್ತಾರೆ, ಸಿದ್ಧ ಮಾಡಿ ಇಡಿರಿ. ಗಂಡ ಉಳವಪ್ಪ ಆಗಲೆಂದು ಮಾತು ಕೊಟ್ಟುಬಿಟ್ಟ. ಶಿವಬಸವ್ವನ ಕೈಯಲ್ಲಿ ಉಳಿದದ್ದು ಹತ್ತು ದಿನ. ಅಷ್ಟರಲ್ಲಿ ಹುಡುಗಿ ಒಮ್ಮೆ ಬಾಯಿಬಿಟ್ಟು ಏನಾದರೂ ಬೇಕು ಅನ್ನಬೇಕು, ಇಲ್ಲವೆ ಬೇಡ ಅನ್ನಬೇಕು. ಈ ಕಲ್ಲನ್ನು ಹೀಗೇ ಅತ್ತೆಮನೆಗೆ ಕಳಿಸಿದರೆ ಅದು ಅಲ್ಲೇ ಹೂತು ಹೋಗುತ್ತದೆಂದು ಅವಳ ಜೀವಕ್ಕೆ ಗೊತ್ತಿತ್ತು.

“ಲಾಡ್ಜಿನಾಗ ಇರೂಣ್ರಿ” ಎಂದಳು ಗಂಡನಿಗೆ. “ಎರಡ ದಿನ. ಅಲ್ಲಿ ನಮ್ಮನ್ನ ಯಾರೂ ಕೇಳಾಂಗಿಲ್ಲ.”

ಉಳವಪ್ಪ ಕಟ್ಟೆಯ ಮೇಲೆ ಎಲೆ ಮಡಿಚುತ್ತಿದ್ದವನು ನಕ್ಕುಬಿಟ್ಟ. “ಲಾಡ್ಜಿನಾಗ ಇರಾಕ ನಾವೇನು ನಾಟಕದ ಕಂಪನಿಯವ್ರೇನs? ಊರೂರಿಗೆ ನಮ್ಮ ಮಂದಿ ಇದ್ದಾರ.”

“ಮಂದಿ ಇದ್ದಾರಂತನ ಬ್ಯಾಡ ಅನ್ನಾಕತ್ತೇನಿ.”

ಹೆಂಡತಿ ಇಪ್ಪತ್ತೆರಡು ವರ್ಷದಲ್ಲಿ ಏನನ್ನೂ ಹೀಗೆ ಕೇಳಿದವಳಲ್ಲ. ಉಳವಪ್ಪ ಎಲೆ ಬಾಯಿಗಿಟ್ಟುಕೊಂಡು ವಿಚಾರ ಮಾಡಿದ. ಭತ್ತ ಇನ್ನೂ ಗದ್ದೆಯಲ್ಲೇ ಹಸಿರಾಗಿತ್ತು. ಅವನ ಅಕ್ಕಿಗಿರಣಿಯ ಪಟ್ಟಾ ಬಿಚ್ಚಿಟ್ಟು ತಿಂಗಳಾಗಿತ್ತು. ಮಹಾನವಮಿಗೆ ಇನ್ನೂ ಇಪ್ಪತ್ತು ದಿನ. ಲಗ್ನಸರಾಯಿ ಇಲ್ಲ, ಜಾತ್ರೆ ಉರುಸು ಇಲ್ಲ, ಇಂಥ ದಿನಗಳಲ್ಲಿ ಲಾಡ್ಜುಗಳೆಲ್ಲ ಬಿಕೋ ಎನ್ನುತ್ತಿರುತ್ತವೆ, ಒಳ್ಳೇ ಖೋಲಿಯೇ ಸಿಗುತ್ತದೆ. ಹುಬ್ಬಳ್ಳಿಯ ಮಾತು ಬಂತು. ಹುಬ್ಬಳ್ಳಿಯ ಬಸ್ಸು ಶಿಗ್ಗಾಂವಿಯಲ್ಲಿ ಅರ್ಧ ತಾಸು ನಿಲ್ಲುತ್ತದೆ, ಬೀಗರ ಕಣ್ಣಿಗೆ ಬೀಳುತ್ತೇವೆ ಎಂದು ಶಿವಬಸವ್ವ ಅದನ್ನು ಬಿಡಿಸಿದಳು. ಕಡೆಗೆ ಸವಣೂರು ಎಂದಾಯಿತು. ನವಾಬರ ಊರು. ಸಂಸ್ಥಾನ ಹೋಗಿ ಹನ್ನೆರಡು ವರ್ಷವಾಗಿದ್ದರೂ ಕಮಾನು, ಕೆರೆ, ತೋಟ, ಮಂದಿಯ ಮಾತಿನ ನಯ ಇನ್ನೂ ಉಳಿದಿತ್ತು. ಅಲ್ಲಿ ಒಬ್ಬ ಜಹಗೀರುದಾರರ ಹಳೇ ಬಂಗ್ಲೆಯನ್ನು ಯಾರೋ ಲಾಡ್ಜು ಮಾಡಿದ್ದಾರಂತೆ, ಗುಲಾಬ ಬಾಗ ಅಂತ ಹೆಸರು.

“ನಾನ ಹೋಗಿ ನೋಡಿ ಬರ್ತೇನಿ” ಎಂದ ಉಳವಪ್ಪ. “ಮುಷ್ಟಿ ಅಕ್ಕಿ ನೋಡಿ ಯಾರ ಗದ್ದಿದು ಅಂತ ಹೇಳ್ತೇನಿ ನಾನು. ಒಂದು ಖೋಲಿ ಆರಸಾಕ ಬರಾಂಗಿಲ್ಲೇನು?”

ಮಂಗಳವಾರ ಹೋಗಿ ಬಂದವನು ಊಟಕ್ಕೆ ಕೂತಲ್ಲೇ ವರ್ಣನೆ ಶುರು ಮಾಡಿದ. ಅಟ್ಟದ ಮೇಲೆ ಒಂದನೇ ನಂಬರಿನ ಖೋಲಿ. ಮೂಡಲಿಗೆ ಕಿಟಕಿ, ಕಿಟಕಿಯ ಕೆಳಗೆ ಗುಲಾಬಿ ಗಿಡ. ಕಡೆದ ಕಾಲಿನ ಮಂಚ, ಹಾಲಿನಂಥ ಹಾಸಿಗೆ, ಗೋಡೆಗೆ ಆಳೆತ್ತರದ ಕನ್ನಡಿ. ಮ್ಯಾನೇಜರು ಹೊಳಬಸಪ್ಪ ಅಂತ, ನಮ್ಮವನೇ, ಹಣೆ ತುಂಬ ವಿಭೂತಿ. ಕುಡಿಯಲು ನೀರು ತಂದುಕೊಟ್ಟು ಕೈಮುಗಿದನಂತೆ. ಶಿವಬಸವ್ವ ಕೇಳುತ್ತ ಕೇಳುತ್ತ ಮನಸ್ಸಿನಲ್ಲೇ ಆ ಕಿಟಕಿಯ ಹತ್ತಿರ ಮಗಳನ್ನು ಕೂಡಿಸಿ, ತಲೆಗೆ ಎಣ್ಣೆ ಹಚ್ಚಿ, ಸಾವಕಾಶ ಹಿಕ್ಕಿದಳು. ಮನೆಯಲ್ಲಿ ಅದಕ್ಕೂ ಪುರುಸೊತ್ತಿರುತ್ತಿರಲಿಲ್ಲ.

ಶುಕ್ರವಾರ ನಸುಕಿನಲ್ಲಿ ಹೊರಟರು. ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಎರಡು ಕೌದಿ, ನೀರಿನ ತಂಬಿಗೆ, ಲಿಂಗಪೂಜೆಯ ಸಾಮಾನು ಒಂದು ಪುಟ್ಟ ಪೆಟ್ಟಿಗೆಯಲ್ಲಿ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ, ಬಂಕಾಪುರದಲ್ಲಿ ಮತ್ತೊಂದು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಸವಣೂರು ಮುಟ್ಟಿದರು. ಜಿಟಿಜಿಟಿ ಮಳೆ. ಹಸನಸಾಬ ಎಂಬ ಮುದುಕನ ಟಾಂಗಾ ಸಿಕ್ಕಿತು. ಗುಲಾಬ ಬಾಗ ಎಂದೊಡನೆ ಅವನು ತಿರುಗಿ ಹೆಂಗಸರನ್ನು ಒಮ್ಮೆ ನೋಡಿದ.

“ಹೆಣ್ಣಮಕ್ಕಳು ಅದಾರಲ್ರಿ ಸಾವಕಾರ?”

“ಅದಾರ. ಅದಕ್ಕೇನೀಗ?”

“ಏನಿಲ್ರಿ” ಎಂದ ಹಸನಸಾಬ, ಕುದುರೆಯ ಕಡೆ ಮುಖ ಮಾಡಿದ.

ಬಂಗ್ಲೆಯ ಮುಂದೆ ಗುಲಾಬಿ ಗಿಡಗಳೇನೋ ಇದ್ದವು. ಹೊಳಬಸಪ್ಪ ಮೆಟ್ಟಿಲಿಳಿದು ಬಂದ. ವಿಭೂತಿಯೂ ಇತ್ತು, ಮುಗಿದ ಕೈಯೂ ಇತ್ತು. ಆದರೆ ಒಂದನೇ ನಂಬರು ಇರಲಿಲ್ಲ. “ನಿನ್ನೆ ರಾತ್ರಿ ಮಾಡು ಸೋರಿತ್ರೀ, ಏನ ಮಾಡ್ಲಿ! ಆರನೇ ನಂಬರ ಕೊಟ್ಟೇನಿ. ಒಂದೂ ಅದs, ಆರೂ ಅದs. ಒಂದs ತಾಯಿ ಮಕ್ಕಳು.” ಶಿವಬಸವ್ವ ತಲೆಯೆತ್ತಿ ನೋಡಿದಳು. ಅಟ್ಟದ ಕಿಟಕಿಯ ತೆರೆ ಸರಿಸಿ ಯಾರೋ ಬನಿಯನ್ನಿನ ಗಂಡಸು ಕೆಳಗೆ ಗುಲಾಬಿ ಗಿಡದ ಮೇಲೆ ಎಲೆಅಡಿಕೆ ಉಗುಳಿ ಮತ್ತೆ ತೆರೆ ಎಳೆದುಕೊಂಡ.

ಆರನೇ ನಂಬರಿಗೆ ಹೋಗಲು ಬಂಗ್ಲೆಯನ್ನು ಬಳಸಿ ಹಿಂದಕ್ಕೆ ನಡೆಯಬೇಕಿತ್ತು. ಹಿಂದೆ ಒಂದು ಕಾಲಕ್ಕೆ ಕುದುರೆ ಕಟ್ಟುತ್ತಿದ್ದ ಲಾಯ. ಅದನ್ನೇ ಗೋಡೆ ಎಬ್ಬಿಸಿ ಖೋಲಿ ಮಾಡಿದ್ದರು. ಎದುರಿಗೆ ಪಾಯಖಾನೆ. ಅದರ ಬಾಗಿಲಿಗೆ ಅಗಳಿ ಇರಲಿಲ್ಲ, ಬದಲಿಗೆ ಒಂದು ಕಲ್ಲು ಇತ್ತು. ಕಲ್ಲಿನ ಕೆಳಗಿನಿಂದ ಹಳದಿ ನೀರು ಹರಿದು ಆರನೇ ನಂಬರಿನ ಹೊಸ್ತಿಲ ಮುಂದೆ ನಿಂತಿತ್ತು. ಶಿವಬಸವ್ವ ನೆರಿಗೆ ಎತ್ತಿ ಹಿಡಿದು ದಾಟಿದಳು. ಮಗಳ ನೆರಿಗೆಯನ್ನೂ ತಾನೇ ಎತ್ತಿ ದಾಟಿಸಿದಳು.

ಬಾಗಿಲು ತೆಗೆದೊಡನೆ ನಾತ ಎದೆಗೆ ಗುದ್ದಿದ ಹಾಗೆ ಬಂತು. ಹಸಿ ಗೋಣಿ, ಬೀಡಿ, ಉಚ್ಚೆ, ಇವನ್ನೆಲ್ಲ ಮುಚ್ಚಲೆಂದು ಮೇಲೆ ಸುರಿದ ಫಿನೈಲು. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಒಂದೊಂದೇ ಕಾಣತೊಡಗಿತು. ಮಂಚದ ಪಕ್ಕದ ಗೋಡೆಯ ತುಂಬ ಕಂದುಗೆಂಪು ಗೀಟು. ತಿಗಣೆಯನ್ನು ಹೆಬ್ಬೆರಳಿಂದ ಹೊಸಕಿ ಎಳೆದ ಗೀಟು. ಎಷ್ಟು ಜನ ಎಷ್ಟು ರಾತ್ರಿ ಹೊಸಕಿದ್ದರೋ. ಮೂಲೆಯಲ್ಲಿ ಉಗುಳು ಪದರು ಪದರಾಗಿ ಒಣಗಿ, ಹಳೆಯದು ಕರ್ರಗೆ, ಹೊಸದು ಕೆಂಪಗೆ, ಮೆಟ್ಟಿಲಿನಂತೆ ಇಳಿದಿತ್ತು. ಗಡಿಗೆಯಲ್ಲಿ ನೀರಿತ್ತು; ಅದರ ಕಂಠಕ್ಕೆ ಪಾಚಿ. ಲೋಟದ ಅಂಚಿನಲ್ಲಿ ಯಾರದೋ ತುಟಿಯ ಜಿಡ್ಡು ಹಾಗೇ ಕೂತಿತ್ತು. ಬಚ್ಚಲಲ್ಲಿ ಸಬಕಾರದ ಚೂರು, ಅದಕ್ಕೆ ಸುತ್ತಿಕೊಂಡ ಗುಂಗುರು ಕೂದಲು. ಬಚ್ಚಲ ಬಾಯಿಗೆ ಯಾರೋ ಉಂಡು ಕೈ ತೊಳೆದ ಅನ್ನದ ಅಗುಳು ಉಬ್ಬಿ ಕೂತಿದ್ದವು, ಬೆಳ್ಳಗೆ, ಹುಳದಂತೆ. ಒಂದು ಕ್ಷಣ ನೋಡಿದ ಮೇಲೆ ಅದರಲ್ಲಿ ಕೆಲವು ನಿಜವಾಗಿ ಹುಳವೇ ಎಂದು ತಿಳಿಯಿತು.

ಶಿವಬಸವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವಳು ದನದ ಕೊಟ್ಟಿಗೆ ಬಳಿದವಳು, ಬಾಣಂತಿಯರ ಬಟ್ಟೆ ಒಗೆದವಳು, ಸಾಯುವ ಮುದುಕಿಯರ ಹಾಸಿಗೆ ತೆಗೆದವಳು. ಹೊಲಸು ಅವಳಿಗೆ ಹೊಸದಲ್ಲ. ಆದರೆ ಅದೆಲ್ಲ ಯಾರದೆಂದು ಗೊತ್ತಿದ್ದ ಹೊಲಸು, ತೊಳೆದರೆ ಹೋಗುವ ಹೊಲಸು. ಇದು ಹಾಗಲ್ಲ. ಇದನ್ನು ಗೊತ್ತಿದ್ದೂ ಬಿಟ್ಟಿದ್ದರು, ಮೇಲೆ ಒಂದು ಚಾದರ ಹೊದಿಸಿ ಬಂದವರಿಗೆ ಕೊಡುತ್ತಿದ್ದರು. ಪೂಜೆಯ ಪೆಟ್ಟಿಗೆಯನ್ನು ಎಲ್ಲಿಡುವುದೆಂದು ಸುತ್ತ ನೋಡಿದಳು. ಇಡುವಂಥ ಒಂದು ಗೇಣು ಜಾಗ ಇರಲಿಲ್ಲ. ಕಂಕುಳಲ್ಲೇ ಅವುಚಿಕೊಂಡಳು.

“ಇದೇನ್ರಿ?” ಎಂದಳು ಗಂಡನಿಗೆ.

ಉಳವಪ್ಪ ಜಂತಿ ಎಣಿಸುವವನಂತೆ ಮೇಲೆ ನೋಡುತ್ತಿದ್ದ. “ಎರಡ ದಿನದ ಮಾತs. ಕೌದಿ ಅದಾವಲ್ಲ, ಮ್ಯಾಲೆ ಹಾಸಿಕೊಂಡ್ರಾತು.”

“ಇಲ್ಲಿ? ಈ ಹುಡುಗಿನ್ನ?”

“ಮೆಲ್ಲಕ ಮಾತಾಡs. ಅಂವ ಬಾಗಿಲದಾಗ ನಿಂತಾನ.”

ಗಂಡನ ಮುಖ ನೋಡಿದಾಗ ಶಿವಬಸವ್ವನಿಗೆ ಎಲ್ಲ ತಿಳಿಯಿತು. ಅವನಿಗೆ ನಾತ ಬಡಿದಿರಲಿಲ್ಲ ಎಂದಲ್ಲ. ಮೂಗಿನ ಹೊಳ್ಳೆ ಅವನದೂ ಮುದುಡಿತ್ತು. ತಾನು ಮೋಸಹೋದೆ ಎಂದು ಮ್ಯಾನೇಜರನ ಮುಂದೆ ಒಪ್ಪುವುದಕ್ಕಿಂತ ಹೆಂಡತಿ ಮಗಳನ್ನು ಇಲ್ಲಿ ಮಲಗಿಸುವುದು ಅವನಿಗೆ ಸಸಾರವಾಗಿತ್ತು. ಒಂದನೇ ನಂಬರು ತೋರಿಸಿ ಆರನೇ ನಂಬರು ಕೊಡುವುದು ಅವನಿಗೆ ತಿಳಿಯದ ವಿದ್ಯೆಯೇ? ಅಕ್ಕಿಯ ಚೀಲದ ಬಾಯಿಗೆ ಎರಡು ಸೇರು ಇಡಿ ಅಕ್ಕಿ, ಕೆಳಗೆಲ್ಲ ನುಚ್ಚು. ಕೊಳವೆ ಚುಚ್ಚಿ ನೋಡುವ ಪೇಟೆಯ ದಲಾಲರ ಚೀಲಕ್ಕಲ್ಲ, ಬಾಯಿ ನೋಡಿ ಒಯ್ಯುವ ಹಳ್ಳಿಯವರ ಚೀಲಕ್ಕೆ. ಆ ಎರಡು ಸೇರನ್ನು ಕೇರಿ, ಆರಿಸಿ, ಮುತ್ತಿನಂತೆ ಮಾಡಿ ಕೊಟ್ಟವಳು ಯಾರು? ತಾನೇ. ಮನೆಯ ಹಿತ್ತಲಲ್ಲಿ ಕೂತು, ಮಾದೇವಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಮೊರದಲ್ಲಿ ಆರಿಸಿ ಕೊಟ್ಟಿದ್ದಳು. ಗಂಡನ ಮೇಲೆ ಬಂದ ಅಸಹ್ಯ ಅಷ್ಟಕ್ಕೇ ನಿಲ್ಲದೆ ಅವಳ ಕೈಗೂ ಹತ್ತಿತು. ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು.

“ಕುಂದರವ್ವಾ” ಎಂದು ಉಳವಪ್ಪ ಮಗಳಿಗೆ ಮಂಚ ತೋರಿಸಿದ.

ಕೂಡೆಂದರೆ ಕೂಡುವ ಹುಡುಗಿ. ಶಿವಬಸವ್ವ ಅವಸರದಿಂದ ಕೌದಿಯ ಗಂಟಿಗೆ ಕೈ ಹಾಕಿದಳು, ಕೂಡುವುದರೊಳಗೆ ಹಾಸಬೇಕೆಂದು. ಮಾದೇವಿ ಕೂಡಲಿಲ್ಲ. ಮಂಚದ ಮುಂದೆ ನಿಂತು ದಿಂಬನ್ನು ನೋಡುತ್ತಿದ್ದಳು. ದಿಂಬಿನ ನಡುವೆ ತಲೆ ಇಟ್ಟ ಜಾಗದಲ್ಲಿ ಎಣ್ಣೆ ಇಳಿದು ಕರ್ರಗೆ ಮಿರುಗುತ್ತಿತ್ತು, ದೋಸೆ ಹಂಚಿನ ಹಾಗೆ. ಅದಕ್ಕೆ ಒಂದು ಉದ್ದನೆಯ ನರೆಗೂದಲು ಅಂಟಿತ್ತು. ಮಾದೇವಿ ಎರಡು ಬೆರಳಲ್ಲಿ ದಿಂಬಿನ ಮೂಲೆ ಹಿಡಿದು ಎತ್ತಿದಳು. ಅಡಿಯಿಂದ ತಿಗಣೆಗಳು ನಾಲ್ಕೂ ಕಡೆ ಹರಿದವು. ಚಾದರದ ಮೇಲೆ ಒಣಗಿದ ಕಲೆ. ಒಂದು ಹಳೆಯ ಕಲೆ, ಅದರೊಳಗೆ ಇನ್ನೊಂದು.

“ಥೂ!” ಎಂದಳು ಮಾದೇವಿ.

ದಿಂಬನ್ನು ಬಿಸಾಡಿ ಹಿಂದಕ್ಕೆ ಹಾರಿದಳು. ಮುಖ ಕಿವುಚಿ, ಹೆಗಲು ಕೊಡವಿ, ಕೈಯನ್ನು ಝಾಡಿಸುತ್ತ, “ಥೂ! ಥೂ! ಅವ್ವಾ, ಹೇಸಿಗಿ! ಏನ ಹೊಲಸಬೇ ಇದು! ಇದರ ಮ್ಯಾಲೆ ಮಂದಿ ಮಲಗ್ತಾರೇನು? ನನಗ ವಾಂತಿ ಬರ್ತೈತಿ!” ಎಂದು ಕೂಗಿದಳು.

ಶಿವಬಸವ್ವ ಕೌದಿಯ ಗಂಟು ಹಿಡಿದುಕೊಂಡು ನಿಂತೇ ಇದ್ದಳು. ಎರಡು ತಿಂಗಳ ಮೇಲೆ ಆ ಮುಖದಲ್ಲಿ ಏನೋ ಒಂದು ಅಲುಗಿತ್ತು. ಹುಬ್ಬು ಗಂಟಾಗಿತ್ತು, ಮೂಗು ಕೆಂಪಾಗಿತ್ತು, ಕಣ್ಣು ಕಿಡಿಯಾಗಿತ್ತು. ಸುತ್ತ ಅಷ್ಟು ಹೊಲಸು ನಾರುತ್ತಿರುವಾಗ ಆ ತಾಯಿಗೆ ಮಗಳ ಗದ್ದ ಹಿಡಿದು ಮುದ್ದಿಡಬೇಕೆನಿಸಿತು.

“ಏ ಮಾದೇವಿ” ಎಂದ ಉಳವಪ್ಪ, “ಪರಊರಾಗ ಹಂಗ ಒದರಬಾರ್ದು.”

ಬಾಗಿಲಲ್ಲಿದ್ದ ಹೊಳಬಸಪ್ಪ ಹಲ್ಲುಕಿರಿದ. “ಇಷ್ಟು ಮಡಿ ಇದ್ರ ಮನಿ ಬಿಟ್ಟು ಬರಬಾರ್ದಿತ್ತು ತಂಗಿ. ಲಾಡ್ಜು ಅಂದಮ್ಯಾಲೆ ನಾಕ ಮಂದಿ ಬಂದ ಹೋಗೋ ಜಾಗಾ. ದೊಡ್ಡ ದೊಡ್ಡ ಸಾಹೇಬ್ರ ಮಲಗ್ಯಾರ ಇಲ್ಲಿ.”

“ಮಲಗ್ಯಾರ, ಗೊತ್ತಾಗ್ತೈತಿ” ಎಂದಳು ಮಾದೇವಿ. “ತಂಗಿ ಅಂದ್ರಲ್ಲ, ನಿಮ್ಮ ತಂಗಿ ಇದ್ರ ಕರಕೊಂಡ ಬರ್ರಿ. ಆಕಿ ಈ ದಿಂಬಿನ ಮ್ಯಾಲೆ ತಲಿ ಇಡ್ಲಿ, ನಾ ಕೆಳಗ ಕಾಲ ಒತ್ತಿಕೊಂತ ಕುಂದರ್ತೇನಿ.”

ಹೊಳಬಸಪ್ಪನ ನಗೆ ಬಿದ್ದುಹೋಯಿತು. “ಹೆಣ್ಣಮಗಳ ಬಾಯಿ ಭಾಳ ಉದ್ದ ಐತ್ರಿ ಸಾವಕಾರ” ಎನ್ನುತ್ತ ಹಳದಿ ನೀರು ದಾಟಿ ಹೋದ.

ಉಳವಪ್ಪನಿಗೆ ಅವಮಾನವಾಯಿತು. ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಮಗಳ ಮೇಲೆ ತಿರುಗಿದ. “ಏನ ತಿಳಕೊಂಡೀದಿ? ಹಿಂಗ ಬಾಯಿ ಮಾಡಿದ್ರ ಸೋಮವಾರ ಅತ್ತಿಮನ್ಯಾಗ ಹೆಂಗ ಬಾಳೇ ಮಾಡ್ತಿ? ನಾನ ಸ್ವತಃ ಬಂದು ನೋಡಿ ಗೊತ್ತು ಮಾಡಿದ ಜಾಗಾ ಇದು.”

“ನೀ ನೋಡಿದ್ದು ಮುಂದಿನ ಖೋಲಿ ಅಪ್ಪಾ.” ಮಾದೇವಿ ಅಪ್ಪನ ಕಡೆ ತಿರುಗಿದಳು. “ನನ್ನ ಶಿಗ್ಗಾಂವಿಗೆ ಕೊಡೋ ಮುಂದೂ ಹಂಗ ನೋಡಿ ಬಂದಿ. ಪಡಸಾಲಿ ನೋಡಿದಿ, ಗ್ವಾಡಿ ಗಡಿಯಾರ ನೋಡಿದಿ, ಹಿತ್ತಾಳಿ ಕಟ್ಟಿನ ಜೋಕಾಲಿ ನೋಡಿದಿ. ಮನಿಗೆ ಬಂದು ಓಣಿ ತುಂಬ ಹೇಳಿದಿ. ನಾ ಮಲಗೋ ಖೋಲಿ ನೋಡಿದ್ಯೇನು? ತಿಪ್ಪಿಗುಂಡಿಗೆ ಹೊಂದಿ ಐತಿ. ಕಾಳಿನ ಚೀಲದ ನಡುವ ಹಾಸಿಗಿ. ಇಲಿ ಸತ್ತು ನಾರಿದ್ರೂ ಯಾವ ಚೀಲದ ಹಿಂದ ಅಂತ ಹುಡಕಾಂಗಿಲ್ಲ.”

“ಮಾದೇವಿ…” ಎಂದಳು ತಾಯಿ.

“ಮಾವಗ ದಮ್ಮು. ದಿನಾ ಮುಂಜಾನೆ ಅವನು ಕಫ ಉಗುಳೋ ತಟ್ಟಿ ನಾನ ತಿಕ್ಕಬೇಕು, ಕೈಲೆ. ನಾಕ ತಿಂಗಳ ಬಸುರಿ ಇದ್ದೆ, ತಟ್ಟಿ ಕಂಡ್ರ ಸಾಕು ವಾಂತಿ. ಅತ್ತಿ ಏನಂದ್ಲು ಗೊತ್ತೈತೇನು? ‘ಸೊಸಿ ಅನ್ನಾಕಿ ಹೇಸಿಗಿ ಪಡಬಾರ್ದು. ಹೇಸಿಗಿ ಪಟ್ರ ಬಾಳೇ ಆಗಾಂಗಿಲ್ಲ’ ಅಂದ್ಲು. ವಾಂತಿ ಮಾಡಿದ ಮ್ಯಾಲೆ ಮತ್ತ ತಿಕ್ಕಸ್ತಿದ್ಲು, ಹೇಸಿಗಿ ಹೋಗೋತನಕ. ಹೋತು ಅಪ್ಪಾ. ಎಲ್ಲಾ ಹೋತು. ಅವ್ವನ ಮುಂದ ಒಂದು ಸಲ ಹೇಳಾಕ ಬಾಯಿ ತಗದೆ, ‘ಹೊಂದಿಕೊಂಡು ಹೋಗವ್ವಾ’ ಅಂದ್ಲು.”

ಶಿವಬಸವ್ವನಿಗೆ ಅಂದಿದ್ದು ನೆನಪಾಯಿತು. ಯುಗಾದಿಗೆ ಬಂದಾಗ. ಹೋಳಿಗೆ ಲಟ್ಟಿಸುತ್ತಿದ್ದಳು, ಹಂಚಿನ ಮೇಲಿನದು ಹೊತ್ತುತ್ತಿತ್ತು, ಮಗಳ ಮುಖ ನೋಡದೆಯೇ ಅಂದಿದ್ದಳು. ಎಲ್ಲ ತಾಯಂದಿರೂ ಅನ್ನುವ ಮಾತು. ಅವಳ ತಾಯಿಯೂ ಅವಳಿಗೆ ಅಂದಿದ್ದಳು. ಆ ಮಾತು ಈಗ ಆ ಲೋಟದ ಅಂಚಿನ ಜಿಡ್ಡಿನ ಹಾಗೆ ಕಂಡಿತು. ಎಷ್ಟು ಬಾಯಿ ಮುಟ್ಟಿ ಬಂದದ್ದು, ಯಾರೂ ತೊಳೆಯದೆ ಮುಂದಿನವರಿಗೆ ಕೊಟ್ಟದ್ದು.

ಮಾದೇವಿ ಈಗ ಅಳುತ್ತಿದ್ದಳು. ಒಂಬತ್ತು ದಿನದ ಕೂಸನ್ನು ನೆನೆದು, ಬಿಕ್ಕಿ ಬಿಕ್ಕಿ, ಮೂಗು ಸೋರಿಸಿಕೊಂಡು ಅಳುತ್ತಿದ್ದಳು. ಅಳುತ್ತಲೇ, “ಇಲ್ಲಿಂದ ಹೋಗೂಣ ನಡೀಬೇ, ಇಲ್ಲಿ ಅಳಾಕೂ ಹೇಸಿಗಿ ಬರ್ತೈತಿ” ಎಂದಳು.

ಶಿವಬಸವ್ವ ಗಂಡನನ್ನು ಕೇಳಲಿಲ್ಲ. ಕಂಕುಳಲ್ಲಿ ಪೆಟ್ಟಿಗೆ, ಒಂದು ಕೈಯಲ್ಲಿ ಮಗಳ ತೋಳು. ನೀರು ದಾಟಿ, ಬಂಗ್ಲೆ ಬಳಸಿ, ಗುಲಾಬಿ ಗಿಡಗಳ ನಡುವಿಂದ ಹೊರಗೆ ನಡೆದಳು. ಉಳವಪ್ಪ ಕೌದಿ, ರೊಟ್ಟಿಗಂಟು, ತಂಬಿಗೆ ಎಲ್ಲ ಹೊತ್ತುಕೊಂಡು ಹಿಂದೆ ಬಂದ.

ಹಸನಸಾಬನ ಟಾಂಗಾ ಹುಣಸೆಮರದ ಕೆಳಗೆ ಇನ್ನೂ ನಿಂತಿತ್ತು. “ಬರ್ತೀರಿ ಅಂತ ಗೊತ್ತಿತ್ರಿ, ಅದಕ್ಕ ನಿಂತೆ” ಎಂದ.

“ಗೊತ್ತಿದ್ರ ಮೊದಲ ಯಾಕ ಹೇಳಲಿಲ್ಲಪ್ಪಾ?” ಎಂದಳು ಶಿವಬಸವ್ವ.

ಮುದುಕ ಕುದುರೆಯ ಕಿವಿ ಸವರಿದ. “ಹೇಳಿದ್ರ ಆ ಮ್ಯಾನೇಜರ ನಾಳಿಂದ ಸವಾರಿ ಕೊಡಾಂಗಿಲ್ಲವ್ವಾ. ಹೊಟ್ಟಿ ಪಾಡು.”

ಎಲ್ಲರದೂ ಹೊಟ್ಟೆಪಾಡೇ. ಶಿವಬಸವ್ವನಿಗೆ ಬೈಯಬೇಕೆನಿಸಿತು, ಬೈಯುವ ಮುಖವೂ ತನಗಿಲ್ಲ ಎನಿಸಿತು. ಮಗಳನ್ನು ಹತ್ತಿಸಿ ತಾನೂ ಹತ್ತಿ ಕೂತಳು. ಹಸನಸಾಬ ಈ ಸಲ ತಾನಾಗಿ ಎರಡು ಜಾಗ ಹೇಳಿದ. ಮೊದಲನೆಯದು ಬಸ್ಸಿನ ನಿಲ್ದಾಣದ ಹತ್ತಿರದ ಹೊಸ ಕಟ್ಟಡ. ಮಾದೇವಿ ಟಾಂಗಾದಿಂದ ಇಳಿಯಲೇ ಇಲ್ಲ, ಮೆಟ್ಟಿಲ ಮೂಲೆಯ ಉಗುಳು ನೋಡಿ “ಮುಂದ ನಡಸಪ್ಪಾ” ಎಂದಳು. ಎರಡನೆಯದು ಫಕ್ಕೀರವ್ವ ಎಂಬ ವಿಧವೆಯ ಖಾನಾವಳಿ. ಮೇಲೆ ಒಂದು ಅಟ್ಟ ಇತ್ತು, ದವಾಖಾನೆಗೆ ಬಂದ ಹೆಣ್ಣುಮಕ್ಕಳಿಗೆ ಇಳಿಯಲು ಕೊಡುತ್ತಿದ್ದಳು.

ಫಕ್ಕೀರವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ಹಿಟ್ಟಾಗಿಯೇ ಎದ್ದು ಬಂದು, “ಬರ್ರಿ, ಮುಂದಿನ ಪಡಸಾಲ್ಯಾಗ ಕುಂದರ್ರಿ, ಖೋಲಿ ತೋರಸ್ತೇನಿ” ಎಂದಳು.

“ಖೋಲಿ ಆಮ್ಯಾಲೆ” ಎಂದಳು ಮಾದೇವಿ. ಅತ್ತು ಕಣ್ಣು ಊದಿತ್ತು. “ಮೊದಲ ಹಿತ್ತಲಾ ತೋರಸ್ರಿ.”

ಫಕ್ಕೀರವ್ವ ಸೊಂಟದ ಮೇಲೆ ಕೈ ಇಟ್ಟಳು. “ಏನವಾ, ಹೆಣ್ಣ ನೋಡಾಕ ಬಂದಂಗ ಬಂದೀಯಲ್ಲ!”

“ಹೆಣ್ಣ ನೋಡಾಕ ಬಂದವ್ರು ಹಿತ್ತಲಾ ನೋಡಾಂಗಿಲ್ಲಬೇ. ಉಪ್ಪಿಟ್ಟು ತಿಂದು ಎದ್ದ ಹೋಗ್ತಾರ.”

ಫಕ್ಕೀರವ್ವ ಗಹಗಹಿಸಿ ನಕ್ಕಳು. “ಬಾ ನಮ್ಮವ್ವಾ, ನೋಡು” ಎಂದು ಮುಂದೆ ನಡೆದಳು. ಮಾದೇವಿ ಬಚ್ಚಲು ನೋಡಿದಳು, ಪಾಯಖಾನೆಯ ಬಾಗಿಲಿಗೆ ಅಗಳಿ ಇದೆಯೇ ಎಂದು ಹಾಕಿ ತೆಗೆದಳು, ಬಾವಿಗೆ ಬಗ್ಗಿದಳು, ಲೋಟದ ಅಂಚಿನ ಮೇಲೆ ಬೆರಳಾಡಿಸಿದಳು. ಅಟ್ಟ ಹತ್ತಿ ದಿಂಬು ಮೂಸಿದಳು. ಶಿವಬಸವ್ವ ಹಿಂದೆ ಹಿಂದೆ ನಡೆದಳು.

“ದಿಂಬು ನಡೀತೈತಿ. ಈ ಹಾಸಿಗಿ ಅರಿವಿ ಮುಗ್ಗಲ ನಾರತೈತ್ರಿ.”

“ಮಳ್ಯಾಗ ಒಣಗಿಲ್ಲವ್ವಾ, ಏನ ಮಾಡ್ಲಿ? ಒಗದದ್ದು ಮಾತ್ರ ಖರೆ.”

“ಒಲಿ ಮುಂದ ಹಿಡದ ಕೊಡ್ರಿ. ಇಲ್ಲಾಂದ್ರ ನಾನ ಹಿಡೀತೇನಿ. ಮೂಲ್ಯಾಗ ಜ್ಯಾಡ ಐತಿ, ಅದನ್ನೂ ತಗೀಬೇಕು.”

“ತಗೀ, ತಗೀ. ಇಂಥಾ ಸೊಸಿ ನನಗ ಸಿಗಲಿಲ್ಲ ನೋಡು” ಎಂದು ಫಕ್ಕೀರವ್ವ ಬೈಯುವಂತೆ ಅಂದು ಕೆಳಗೆ ಇಳಿದಳು.

ಸೊಸೆ ಎಂಬ ಮಾತಿಗೆ ಮಾದೇವಿಯ ಕೈ ಒಂದು ಗಳಿಗೆ ನಿಂತಿತು. ತಾಯಿಯ ಕಡೆ ನೋಡಿದಳು. “ಅವ್ವಾ, ಸೋಮವಾರ…” ಎಂದಳು. ಅಷ್ಟೇ ಅಂದಳು.

“ನೀ ಜ್ಯಾಡ ತಗೀ” ಎಂದಳು ಶಿವಬಸವ್ವ. “ನಾ ಕೆಳಗ ಹೋಗಿ ಬರ್ತೇನಿ.”

ಉಳವಪ್ಪ ಹೊರಗಿನ ಕಟ್ಟೆಯ ಮೇಲೆ ಗಂಟುಗಳ ನಡುವೆ ಕೂತಿದ್ದ. ಮಳೆ ನಿಂತಿತ್ತು. ಎಲೆಯ ಚೀಲ ತೊಡೆಯ ಮೇಲಿದ್ದರೂ ಅವನು ಅದನ್ನು ಬಿಚ್ಚಿರಲಿಲ್ಲ.

“ಸೋಮವಾರದ ಮಾತ ಏನ್ರಿ?” ಎಂದಳು ಶಿವಬಸವ್ವ.

“ಮಾತ ಕೊಟ್ಟೇನಲ್ಲ” ಎಂದ ಅವನು, ರಸ್ತೆ ನೋಡುತ್ತ. “ಬೀಗರಿಗೆ ಏನಂತ ಹೇಳ್ಲಿ? ಹೆಣ್ಣ ಹುಡುಗಿ ಸಿಟ್ಟಿನಾಗ ಒಂದಕ್ಕ ನಾಕ ಹೇಳಿರ್ತೈತಿ. ದೊಡ್ಡ ಮನಿ ಅದು.”

ಶಿವಬಸವ್ವ ಎಂದೂ ಗಂಡನ ಎದುರು ದನಿ ಎತ್ತಿದವಳಲ್ಲ, ಈಗಲೂ ಎತ್ತಲಿಲ್ಲ. ಮಗುವಿಗೆ ಕಹಿ ಔಷಧ ಕುಡಿಸುವಾಗಿನ ದನಿಯಲ್ಲಿ, ಮೆಲ್ಲಗೆ, ಒಂದೊಂದೇ ಮಾತು ಹೇಳಿದಳು. “ಹೇಳಿದ್ದು ಖರೆನೋ ಸುಳ್ಳೋ ನನಗೂ ಗೊತ್ತಿಲ್ರಿ, ನಿಮಗೂ ಗೊತ್ತಿಲ್ಲ. ಇಬ್ರೂ ಆ ಖೋಲಿ ನೋಡಿಲ್ಲ. ಶಿಗ್ಗಾಂವಿ ಇಲ್ಲಿಂದ ದೂರಿಲ್ಲ. ನಾಳೆ ಮುಂಜಾನೆ ಬಸ್ಸಿಗೆ ಹೋಗ್ರಿ. ಪಡಸಾಲ್ಯಾಗ ಹಾಸಿದ್ರ ಒಲ್ಲೆ ಅನ್ರಿ. ಮಗಳ ಖೋಲ್ಯಾಗ ಮಲಗ್ತೇನಿ ಅನ್ರಿ. ಶನಿವಾರ ಒಂದು ರಾತ್ರಿ, ಐತಾರ ಒಂದು ರಾತ್ರಿ. ಮುಂಜಾನೆ ಎದ್ದು ಬೀಗರ ತಟ್ಟಿ ಯಾರು ತಿಕ್ತಾರ ನೋಡ್ರಿ.”

“ನಾನು? ಬೀಗರ ಮನ್ಯಾಗ, ಚೀಲದ ಖೋಲ್ಯಾಗ?” ಉಳವಪ್ಪನ ಮೂಗು ಮುದುಡಿತು. “ಹುಚ್ಚು ಹಿಡದೈತೇನು ನಿನಗ?”

“ಈಗ ನಿಮ್ಮ ಮೂಗ ಹೆಂಗ ಆತು ನೋಡ್ರಿ” ಎಂದಳು ಶಿವಬಸವ್ವ. “ಆಕಿದೂ ಹಂಗ ಆಗಿತ್ತು.”

ಉಳವಪ್ಪ ಎಲೆಯ ಚೀಲವನ್ನು ತೊಡೆಯಿಂದ ಕೆಳಗಿಟ್ಟ. ದಾರಿಯಲ್ಲಿ ವೀಳ್ಯದೆಲೆಯ ಹೊರೆ ಹೊತ್ತ ಇಬ್ಬರು ಹಾದುಹೋದರು. ಮೇಲಿನ ಅಟ್ಟದಿಂದ ಧೂಳು ಕೊಡವುವ ಸಪ್ಪಳ, ನಡುವೆ ಮಾದೇವಿ ಸೀನುವ ಸಪ್ಪಳ.

“ಮಲಗಾಕ ಆಗಲಿಲ್ಲ ಅಂದ್ರ?” ಎಂದ ಕಡೆಗೆ.

“ಆಗಲಿಲ್ಲ ಅಂದ್ರ ಸೋಮವಾರ ಯಾರೂ ಬರೋದು ಬ್ಯಾಡ ಅಂತ ಅಲ್ಲೆ ಹೇಳಿ ಬರ್ರಿ. ಮುಂದಿನದು ಮುಂದ ನೋಡೂಣ. ನಾವಿಬ್ರು ಅಲ್ಲೀತನಕ ಇಲ್ಲೇ ಇರ್ತೇವಿ.”

“ಇಷ್ಟು ದಿನ ಇಲ್ಲಿ? ಖಾನಾವಳ್ಯಾಗ?”

“ಹಿತ್ತಲಾ ನೋಡೈತಿ ಹುಡುಗಿ. ನಡೀತೈತಿ ಅಂದೈತಿ.”

“ಅವ್ವಾ!” ಮೇಲಿನಿಂದ ಮಾದೇವಿ ಕೂಗಿದಳು. ಗಂಟಲು ಇನ್ನೂ ಒಡೆದಿತ್ತು, ಸಿಟ್ಟು ಇನ್ನೂ ಇಳಿದಿರಲಿಲ್ಲ. “ಇಲ್ಲೊಂದು ಹಲ್ಲಿ ಸತ್ತ ಬಿದ್ದೈತಿ, ಥೂ! ಒಂದು ಕಾಗದ ತಗೊಂಡ ಬಾರಬೇ ಲಗೂನ!”

“ಬಂದ್ನವ್ವಾ” ಎಂದಳು ಶಿವಬಸವ್ವ. ರೊಟ್ಟಿ ಸುತ್ತಿದ್ದ ಹಳೇ ಪೇಪರು ಬಿಚ್ಚಿಕೊಂಡು, ನೆರಿಗೆ ಎತ್ತಿ ಸಿಕ್ಕಿಸಿ, ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿದಳು.